‘ಐಟಿ ಹಾಕಿದರೆ ಸಿಕ್ಕಿಬೀಳ್ತೀರಿ’ ಎನ್ನುವವರಿಗೆ

ಹೊಗೆಸೊಪ್ಪಿನ ಹರಾಜು ಶುರುವಾಯಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ದುಡ್ಡಿನ ಮಾತು ಜೋರಾಗುತ್ತದೆ. ಅದರ ಬೆನ್ನಿಗೇ ಆದಾಯ ತೆರಿಗೆ ರಿಟರ್ನ್ ಬಗ್ಗೆ ಬಿಟ್ಟಿ ಸಲಹೆಗಳೂ ಹುಟ್ಟಿಕೊಳ್ಳುತ್ತವೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳ ಆಸುಪಾಸಿನಲ್ಲಿ, ಪೇಟೆಯ ಆನ್‌ಲೈನ್ ಸೆಂಟರುಗಳಲ್ಲಿ ಕೇಳಿಬರುವ ಈ ಸಲಹೆಗಳ ಸಾರ ಇಷ್ಟೆ: ರಿಟರ್ನ್ ಹಾಕಬೇಡಿ, ಹಾಕಿದ್ದರೆ ಅದರಲ್ಲಿ ತಪ್ಪಿದ್ದರೂ ಮುಟ್ಟಬೇಡಿ. ಈ ಮಾತು ನಂಬಿ ಕಷ್ಟಕ್ಕೆ ಸಿಕ್ಕುವವರು ಸಲಹೆ ಕೊಟ್ಟವರಲ್ಲ, ಕೇಳಿದವರು. ಅದಕ್ಕೇ ಅವರ ವಾದಗಳನ್ನು ಅವರದೇ ಮಾತಿನಲ್ಲಿ ಮುಂದಿಟ್ಟು ಉತ್ತರಿಸುತ್ತೇನೆ. ಹುರುಳು ಯಾವ ಕಡೆ ಇದೆ ಎಂಬುದನ್ನು ಓದುಗರು ತೂಗಿ ನೋಡಲಿ.

‘ರೈತನಿಗೆ ತೆರಿಗೆಯೇ ಇಲ್ಲ, ಮತ್ಯಾಕೆ ರಿಟರ್ನ್?’ ಮಾತಿನ ಮೊದಲರ್ಧ ನಿಜ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 10(1) ಕೃಷಿ ಆದಾಯವನ್ನು ತೆರಿಗೆಯಿಂದ ಹೊರಗಿಟ್ಟಿದೆ. ಬೆಳೆದ ಸೊಪ್ಪನ್ನು ಬ್ಯಾರನ್ನಿನಲ್ಲಿ ಬೇಯಿಸಿ ಹದ ಮಾಡಿ ಮಾರಿದರೂ ಅದು ಕೃಷಿ ಆದಾಯವೇ, ಏಕೆಂದರೆ ಬೆಳೆಗಾರ ತನ್ನ ಬೆಳೆಯನ್ನು ಮಾರುಕಟ್ಟೆಗೆ ಯೋಗ್ಯ ಮಾಡಲು ವಾಡಿಕೆಯಾಗಿ ಮಾಡುವ ಕೆಲಸವನ್ನೂ ಕಾನೂನು ಕೃಷಿಯ ಲೆಕ್ಕಕ್ಕೇ ಸೇರಿಸಿದೆ. ಎಚ್.ಡಿ. ಕೋಟೆಯಲ್ಲಿ ಶುಂಠಿ ಬೆಳೆಯುವವರಿಗೆ ಹೊಲ ಗುತ್ತಿಗೆ ಕೊಟ್ಟು ಪಡೆದ ದುಡ್ಡೂ ಕೃಷಿ ಆದಾಯವೇ. ಕೃಷಿ ಬಿಟ್ಟು ಬೇರೇನೂ ಇಲ್ಲದ ರೈತ ಸಾಮಾನ್ಯವಾಗಿ ರಿಟರ್ನ್ ಹಾಕಬೇಕಿಲ್ಲ. ಅದನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ಇವತ್ತು ಯಾವ ರೈತನ ಮನೆ ಬರೀ ಹೊಲದ ಮೇಲೆ ನಿಂತಿದೆ? ಡೇರಿಯ ಬಟವಾಡೆ, ಟ್ರ್ಯಾಕ್ಟರ್ ಬಾಡಿಗೆ, ಪೇಟೆಯ ಮಳಿಗೆಯ ಬಾಡಿಗೆ, ಹೊಗೆಸೊಪ್ಪಿನ ದುಡ್ಡನ್ನೇ ಠೇವಣಿ ಇಟ್ಟು ಪಡೆದ ಬಡ್ಡಿ, ಇವು ಯಾವುವೂ ಕೃಷಿ ಆದಾಯವಲ್ಲ. ಇವು ತೆರಿಗೆ ಮಿತಿ ದಾಟಿದರೆ, ದರ ಲೆಕ್ಕ ಹಾಕಲು 5,000 ರೂಪಾಯಿ ಮೀರಿದ ಕೃಷಿ ಆದಾಯವನ್ನೂ ಜೊತೆಗೆ ಕೂಡಿಸಿಕೊಳ್ಳುತ್ತಾರೆ. ಇನ್ನೊಂದು ನಿಯಮವನ್ನಂತೂ ಈ ಸಲಹೆಗಾರರು ಬಾಯಿಬಿಟ್ಟು ಹೇಳುವುದೇ ಇಲ್ಲ. ವರ್ಷದಲ್ಲಿ ಉಳಿತಾಯ ಖಾತೆಗೆ 50 ಲಕ್ಷ ರೂಪಾಯಿ ಜಮೆಯಾದರೆ, ಅಥವಾ ಟಿಡಿಎಸ್ 25,000 ರೂಪಾಯಿ (ಹಿರಿಯ ನಾಗರಿಕರಿಗೆ 50,000) ಮುಟ್ಟಿದರೆ, ತೆರಿಗೆ ಒಂದು ಪೈಸೆ ಬಾರದಿದ್ದರೂ ರಿಟರ್ನ್ ಹಾಕಲೇಬೇಕು. ತೆರಿಗೆ ಕಟ್ಟುವುದು ಬೇರೆ, ರಿಟರ್ನ್ ಹಾಕುವುದು ಬೇರೆ. ಎರಡನ್ನೂ ಒಂದೇ ಎಂದು ಹೇಳಿಕೊಂಡು ಬಂದದ್ದರಿಂದಲೇ ಮುಂದಿನ ಗೊಂದಲಗಳೆಲ್ಲ ಹುಟ್ಟಿರುವುದು.

‘ರಿಟರ್ನ್ ಹಾಕಿದರೆ ಇಲಾಖೆಯ ಕಣ್ಣಿಗೆ ಬೀಳ್ತೀವಿ.’ ಪಾನ್ ಕೊಟ್ಟು ಠೇವಣಿ ಇಟ್ಟ ದಿನವೇ ಕಣ್ಣಿಗೆ ಬಿದ್ದಾಗಿದೆ. ಆದಾಯ ತೆರಿಗೆ ಪೋರ್ಟಲ್ಲಿಗೆ ಲಾಗಿನ್ ಆಗಿ ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ತೆರೆದು ನೋಡಿ. ಯಾವ ಬ್ಯಾಂಕ್ ಎಷ್ಟು ಬಡ್ಡಿ ಕೊಟ್ಟಿತು, ಎಷ್ಟು ಟಿಡಿಎಸ್ ಹಿಡಿಯಿತು, ಎಷ್ಟು ನಗದು ಜಮೆಯಾಯಿತು, ಯಾವ ಆಸ್ತಿ ನೋಂದಣಿಯಾಯಿತು ಎಂಬುದೆಲ್ಲ ನಿಮಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತದೆ. ಅದರಲ್ಲಿ ತಪ್ಪಿದ್ದರೆ ‘ಈ ಮಾಹಿತಿ ನನ್ನದಲ್ಲ’ ಎಂದು ಆ ಸಾಲಿನಲ್ಲೇ ತಕರಾರು ದಾಖಲಿಸಬಹುದು. ಅದು ಲಾಗಿನ್ ಆಗಿ ನೋಡಿದವರಿಗೆ ಮಾತ್ರ ಸಾಧ್ಯ.

ಈಗ ಎಲ್ಲಕ್ಕಿಂತ ಹೆಚ್ಚು ಜನರನ್ನು ಹೆದರಿಸಿರುವ ಮಾತಿಗೆ ಬರೋಣ: ‘ಐಟಿ ಹಾಕಿದರೆ ಬಿಪಿಎಲ್ ಕಾರ್ಡ್ ಹೋಗುತ್ತೆ, ಗೃಹಲಕ್ಷ್ಮಿ ನಿಲ್ಲುತ್ತೆ, ಪಿಎಂ ಕಿಸಾನ್ ಕಟ್ ಆಗುತ್ತೆ.’ ಪಿಎಂ ಕಿಸಾನ್ ನಿಯಮ ಹೊರಗಿಡುವುದು ಹಿಂದಿನ ಕರನಿರ್ಧಾರಣೆ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರನ್ನು. ಗೃಹಲಕ್ಷ್ಮಿ ನಿಯಮ ಹೊರಗಿಡುವುದು ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿದಾರರಾಗಿದ್ದರೆ, ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ. ಗಮನಿಸಿ, ರಿಟರ್ನ್ ಎಂಬ ಮಾತು ಬಂದಿರುವುದು ಜಿಎಸ್‌ಟಿಗೆ. ಆದಾಯ ತೆರಿಗೆಗೆ ಇರುವುದು ಪಾವತಿ ಎಂಬ ಮಾತು. ಠೇವಣಿಯ ಟಿಡಿಎಸ್ ವಾಪಸ್ ಪಡೆಯಲು ರಿಟರ್ನ್ ಹಾಕಿ, ತೆರಿಗೆ ಸೊನ್ನೆ ಎಂದು ತೋರಿಸಿದವರು ಪಾವತಿದಾರರಾಗುವುದು ಹೇಗೆ? ತೆರಿಗೆ ಕಟ್ಟದ ಹೆಣ್ಣುಮಕ್ಕಳ ಹೆಸರೂ ಐಟಿ ಪಟ್ಟಿಗೆ ಸೇರಿ ಗೃಹಲಕ್ಷ್ಮಿ ಹಣ ನಿಂತ ದೂರುಗಳು ರಾಜ್ಯದಲ್ಲಿ ಬಂದಿವೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅಂಥ ಸಂದರ್ಭದಲ್ಲಿ ‘ನಾನು ತೆರಿಗೆ ಕಟ್ಟಿಲ್ಲ’ ಎಂದು ತೋರಿಸಲು ಕೈಯಲ್ಲಿರುವ ಗಟ್ಟಿ ದಾಖಲೆ ಯಾವುದು? ಕಟ್ಟಬೇಕಾದ ತೆರಿಗೆ ಸೊನ್ನೆ ಎಂದು ಅಚ್ಚಾಗಿರುವ ಅದೇ ರಿಟರ್ನಿನ ಸ್ವೀಕೃತಿ ಪತ್ರ. ರಿಟರ್ನೇ ಹಾಕದವರ ಬಳಿ ಅದೂ ಇರುವುದಿಲ್ಲ.

ಬಿಪಿಎಲ್ ಕಾರ್ಡಿನ ಮಾತು ಬೇರೆ. 2024ರ ನವೆಂಬರಿನಲ್ಲಿ ಕಾರ್ಡ್ ರದ್ದತಿಯ ಗಲಾಟೆ ಎದ್ದಾಗ ಸರ್ಕಾರ ಹಿಂದೆ ಸರಿದರೂ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರಿಗೆ ವಿನಾಯಿತಿ ಕೊಡಲಿಲ್ಲ. ರಾಜ್ಯದ ಮಾನದಂಡದಂತೆ ಬಿಪಿಎಲ್ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಸಲಹೆಗಾರರ ಇಬ್ಬಂದಿತನ ಬಯಲಾಗುವುದು ಇಲ್ಲೇ. ಕಾರು ಸಾಲಕ್ಕೆಂದು ಐದು ಲಕ್ಷದ ಆದಾಯ ತೋರಿಸಿ ರಿಟರ್ನ್ ಮಾಡಿಕೊಡುವವರೂ ಅವರೇ, ಅದೇ ಮನೆಗೆ 1.20 ಲಕ್ಷದೊಳಗಿನ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಕೊಡುವವರೂ ಅವರೇ. ಎರಡರಲ್ಲಿ ಒಂದು ಸುಳ್ಳು. ಆ ಸುಳ್ಳಿನಿಂದ ಕಾರ್ಡ್ ಹೋದರೆ ತಪ್ಪನ್ನು ರಿಟರ್ನಿನ ಮೇಲೆ ಹೊರಿಸುವುದು ನ್ಯಾಯವಲ್ಲ.

‘ಸಾಲ ಬೇಕಾದಾಗ ಮೂರು ವರ್ಷದ್ದು ಒಟ್ಟಿಗೆ ಹಾಕಿಸಿದರಾಯ್ತು.’ ಆಗುವುದಿಲ್ಲ. ತಡವಾದ ರಿಟರ್ನಿಗೂ ಆ ಕರನಿರ್ಧಾರಣೆ ವರ್ಷದ ಡಿಸೆಂಬರ್ 31ರ ಗಡಿ ಇದೆ. ಆಮೇಲೆ ಉಳಿಯುವುದು 2022ರಲ್ಲಿ ಬಂದ ಐಟಿಆರ್-ಯು (ಅಪ್‌ಡೇಟೆಡ್ ರಿಟರ್ನ್) ಒಂದೇ. ಅದರ ಅವಧಿಯನ್ನು 2025ರಲ್ಲಿ 48 ತಿಂಗಳಿಗೆ ಹಿಗ್ಗಿಸಿದ್ದಾರೆ, ನಿಜ. ಆದರೆ ಹೆಚ್ಚು ತೆರಿಗೆ ಕಟ್ಟಲು ಬಂದವರಿಗಷ್ಟೇ ಅದು ತೆರೆಯುತ್ತದೆ. ರೀಫಂಡ್ ಕೇಳಲು, ತೆರಿಗೆ ತಗ್ಗಿಸಲು, ಸೊನ್ನೆ ತೋರಿಸಲು ಅದು ಒದಗುವುದಿಲ್ಲ. ಸಾಲಕ್ಕಾಗಿ ಇಲ್ಲದ ಬಟ್ಟೆ ವ್ಯಾಪಾರ ಸೃಷ್ಟಿಸಿ ಐಟಿಆರ್-4ರಲ್ಲಿ ಲಾಭ ತೋರಿಸುವ ಚಾಳಿಯಂತೂ ಇನ್ನೂ ಕೆಟ್ಟದ್ದು. ರೈತನಿಗೆ ರಿಟರ್ನೇ ಬೇಡ ಎಂದವರೇ ಅವನನ್ನು ರಾತ್ರೋರಾತ್ರಿ ವ್ಯಾಪಾರಿ ಮಾಡುತ್ತಾರೆ. ನಿಜವಾದ ಕೃಷಿ ಆದಾಯವನ್ನು ತೋರಿಸಲು ಐಟಿಆರ್-2ರಲ್ಲಿ ಜಾಗವಿದೆ. ಅದು ಐದು ಲಕ್ಷ ಮೀರಿದರೆ ಜಿಲ್ಲೆ, ಪಿನ್ ಕೋಡ್, ಜಮೀನು ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಂದು ಕೇಳುತ್ತದೆ. ಪಹಣಿ ಕೈಯಲ್ಲಿರುವವರು ಇದಕ್ಕೆ ಹೆದರಬೇಕಾದ್ದೇನಿದೆ?

‘ಹತ್ತು ಪರ್ಸೆಂಟ್ ಕೊಡಿ, ಹಿಡಿದ ಟಿಡಿಎಸ್ ಪೂರ್ತಿ ವಾಪಸ್ ಕೊಡಿಸ್ತೀವಿ.’ ಇದು ಮೇಷ್ಟ್ರುಗಳಿಗೆ, ಬಸ್ ನೌಕರರಿಗೆ, ಪೊಲೀಸರಿಗೆ ಹಾಕುವ ಗಾಳ. ಕೊಡದ ಮನೆ ಬಾಡಿಗೆ, ಕಟ್ಟದ ವಿಮೆ, ಹೆಸರೇ ಕೇಳದ ಪಕ್ಷಕ್ಕೆ ದೇಣಿಗೆ, ಎಲ್ಲವನ್ನೂ ತುಂಬಿ ರೀಫಂಡ್ ಎಬ್ಬಿಸುತ್ತಾರೆ. ‘ಹೋದ ವರ್ಷ ಬಂತಲ್ಲ, ಏನಾಯ್ತು?’ ಎಂಬುದು ಅವರ ದೊಡ್ಡ ಪುರಾವೆ. ರೀಫಂಡ್ ಬಂದ ಮಾತ್ರಕ್ಕೆ ಅದು ನ್ಯಾಯವಾದದ್ದು ಎಂದಲ್ಲ. ರಿಟರ್ನ್‌ಗಳನ್ನು ಸಂಸ್ಕರಿಸುವ ಬೆಂಗಳೂರಿನ ಸಿಪಿಸಿ ಕೇಂದ್ರದ ಯಂತ್ರ ನೀವು ಬರೆದ ಅಂಕಿಗಳನ್ನು ಕೂಡಿ ಕಳೆದಿದೆ, ಅಷ್ಟೆ. ಪರಿಶೀಲನೆ ಆಮೇಲೆ ಬರುತ್ತದೆ. 2025ರ ಜುಲೈ 14ರಂದು ಇಲಾಖೆ ದೇಶಾದ್ಯಂತ ಇಂಥ ಮಧ್ಯವರ್ತಿಗಳಿಗೆ ಸೇರಿದ 150 ಕಡೆ ಒಟ್ಟಿಗೆ ಪರಿಶೀಲನೆಗೆ ಇಳಿಯಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲೇ ಸುಮಾರು 40,000 ಜನ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮುಗಳನ್ನು ಹಿಂತೆಗೆದುಕೊಂಡಿದ್ದರು. ಹಾಗೆ ತಿದ್ದದೆ ಸಿಕ್ಕಿಬಿದ್ದವರಿಗೆ, ತಪ್ಪು ವಿವರ ಕೊಟ್ಟದ್ದಕ್ಕೆ ಕಲಂ 270ಎ ಅಡಿ ತೆರಿಗೆಯ ಇಮ್ಮಡಿ ದಂಡ ಬೀಳಬಹುದು. ಹತ್ತು ಪರ್ಸೆಂಟ್ ತೆಗೆದುಕೊಂಡವನು ಅದರ ಹತ್ತು ಪರ್ಸೆಂಟನ್ನಾದರೂ ಕಟ್ಟುತ್ತಾನೆಯೇ? ರಿಟರ್ನಿನ ಕೊನೆಯಲ್ಲಿ ‘ಇದೆಲ್ಲ ಸತ್ಯ’ ಎಂಬ ಘೋಷಣೆ ಇರುವುದು ನಿಮ್ಮ ಹೆಸರಿನಲ್ಲಿ.

‘ಎಲ್ಲಾ ಸೆಂಟರ್‌ನವರೇ ನೋಡ್ಕೋತಾರೆ.’ ಹಾಗಾದರೆ ಪೋರ್ಟಲ್ಲಿನಲ್ಲಿ ನಿಮ್ಮ ಪ್ರೊಫೈಲ್ ತೆರೆದು ಅಲ್ಲಿರುವ ಮೊಬೈಲ್ ನಂಬರ್, ಇ-ಮೇಲ್ ಯಾರದೆಂದು ನೋಡಿ. ಎಷ್ಟೋ ಜನರದ್ದರಲ್ಲಿ ಅದು ರಿಟರ್ನ್ ಹಾಕಿಕೊಟ್ಟವನದೇ. ನೋಟಿಸ್ ಬಂದರೆ ಹೋಗುವುದು ಅವನಿಗೆ. ದೋಷವಿದೆಯೆಂದು ಕಲಂ 139(9)ರ ಅಡಿ ಬಂದ ಪತ್ರಕ್ಕೆ ಉತ್ತರಿಸಲು ಇರುವ 15 ದಿನ ಕಳೆಯುವುದೂ ಅವನ ಇನ್‌ಬಾಕ್ಸಿನಲ್ಲೇ. ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ ಆಗದಿದ್ದರೆ ಆ ರಿಟರ್ನ್ ಸಕಾಲದಲ್ಲಿ ಹಾಕಿದ ಲೆಕ್ಕಕ್ಕೇ ಬರುವುದಿಲ್ಲ. ಇದನ್ನೆಲ್ಲ ‘ನೋಡ್ಕೊಳ್ಳುವುದು’ ಎನ್ನಲಾಗದು. ಅವರಿಂದ ಕೆಲಸ ಮಾಡಿಸಿಕೊಳ್ಳಿ, ಫೀಸು ಕೊಡಿ. ಪಾಸ್‌ವರ್ಡ್ ಮತ್ತು ಒಟಿಪಿ ನಿಮ್ಮಲ್ಲೇ ಇರಲಿ.

ಕೊನೆಯದಾಗಿ, ‘ತಿದ್ದಿದರೆ ತಪ್ಪು ಒಪ್ಪಿಕೊಂಡ ಹಾಗೆ, ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ.’ ಕಾನೂನು ತಾನಾಗಿಯೇ ತೆರೆದಿಟ್ಟ ದಾರಿಯನ್ನು ಇವರು ಬಲೆ ಎನ್ನುತ್ತಿದ್ದಾರೆ. ಕಲಂ 139(5) ಇರುವುದೇ ಬಿಟ್ಟುಹೋದದ್ದನ್ನು, ತಪ್ಪಾಗಿ ಬರೆದದ್ದನ್ನು ತಿದ್ದಲು. ತಿದ್ದಿದ ರಿಟರ್ನ್ ಮೊದಲಿನದರ ಜಾಗಕ್ಕೆ ಬರುತ್ತದೆ. ರೀಫಂಡ್ ಕೈಸೇರಿದ ಮೇಲೂ ತಿದ್ದಬಹುದು, ಒಂದಕ್ಕಿಂತ ಹೆಚ್ಚು ಸಲ ತಿದ್ದಬಹುದು. ಮಾತ್ರವಲ್ಲ, ಬಿಟ್ಟುಹೋದ ವಿನಾಯಿತಿಯನ್ನು ಕರನಿರ್ಧಾರಣಾ ಅಧಿಕಾರಿಯ ಮುಂದೆ ಪತ್ರ ಬರೆದು ಕೇಳಿದರೆ ಸಾಲದು, ತಿದ್ದಿದ ರಿಟರ್ನಿನಲ್ಲೇ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2006ರ ಗೋಯೆಟ್ಜೆ ಪ್ರಕರಣದಲ್ಲಿ ಹೇಳಿದೆ. ಅಂದರೆ ಸುಮ್ಮನಿದ್ದವರು ದಂಡಕ್ಕೆ ಗುರಿಯಾಗುವುದಷ್ಟೇ ಅಲ್ಲ, ತಮಗೆ ನ್ಯಾಯವಾಗಿ ಬರಬೇಕಾದ ಹಣಕ್ಕೂ ಎರವಾಗುತ್ತಾರೆ.

2025-26ರ ಕರನಿರ್ಧಾರಣೆ ವರ್ಷದ ರಿಟರ್ನನ್ನು ತಿದ್ದಲು ಕೊನೆಯ ದಿನ 2025ರ ಡಿಸೆಂಬರ್ 31 ಆಗಿತ್ತು. ಅಲ್ಲಿಯವರೆಗೆ ತಿದ್ದುಪಡಿಗೆ ಶುಲ್ಕವಿರಲಿಲ್ಲ. ಗಡುವು ಕಳೆದ ಮೇಲೆ ಐಟಿಆರ್-ಯು ಹಾದಿ ಹಿಡಿದರೆ ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ. 25 ಹೆಚ್ಚುವರಿ ಕಟ್ಟಬೇಕು. ತಡವಾದಂತೆ ಅದು 50, 60, 70ಕ್ಕೆ ಏರುತ್ತದೆ. ಹಾಗಾಗಿ ಸೊಪ್ಪಿನ ದುಡ್ಡು ಖಾತೆಗೆ ಬಂತೇ ಎಂದು ನೋಡಲು ಫೋನ್ ತೆಗೆದಾಗ, ದಯವಿಟ್ಟು ಎಐಎಸ್ ಕೂಡ ಒಮ್ಮೆ ತೆರೆದು ನೋಡಿ.