ಅಕ್ಷರವಂತರಿಗೆ ಅಕ್ಷರಾಭ್ಯಾಸವೇ?

1991ರ ಎಪ್ರಿಲ್ 18ರಂದು ಕೇರಳವು ಸಂಪೂರ್ಣ ಸಾಕ್ಷರವೆಂದು ಘೋಷಿತವಾಯಿತು. ಸಂತೋಷ. ಆದರೆ 1956ಕ್ಕೆ ಮೊದಲೇ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದಿದ, ಈಗ ಎಪ್ಪತ್ತೈದು ದಾಟಿದ ನಮ್ಮ ಹಿರಿಯರು ಯಾವ ಲೆಕ್ಕಕ್ಕೆ? ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನೋಡುತ್ತಿದ್ದೇನಲ್ಲ: ಕನ್ನಡದಲ್ಲಿ ದುಂಡಗೆ ರುಜು ಹಾಕುವ ಅಜ್ಜಿ, ಪೆನ್ಶನಿನ ಮಲಯಾಳ ಕಾಗದ ಹಿಡಿದು ಪಕ್ಕದವರ ಮುಖ ನೋಡುತ್ತಾರೆ.

ಇಂಥವರನ್ನು ಮುಂದುವರಿಕೆ ಶಿಕ್ಷಣದ ಹೆಸರಿನಲ್ಲಿ ನಿರಕ್ಷರಿಗಳಂತೆ ಮೊದಲಕ್ಷರ ತಿದ್ದಲು ಕೂರಿಸಿದರೆ, ಎರಡನೇ ದಿನ ಯಾರು ಬಂದಾರು? ಕನ್ನಡ ಪತ್ರಿಕೆಯಿಂದ ಸುರುಮಾಡಿ. ಮಲಯಾಳವನ್ನು ಬಸ್ಸಿನ ಬೋರ್ಡಿನಿಂದ, ರೇಶನ್ ಕಾರ್ಡಿನಿಂದ ಕಲಿಸಿ. ಕಲಿಯಬಾರದೆಂಬ ಹಟ ಅವರಿಗಿಲ್ಲ.

ಸರಕಾರವನ್ನು ದೂರಿ ಕೈತೊಳೆಯುವಂತೆಯೂ ಇಲ್ಲ. ನವೆಂಬರಿನಲ್ಲಿ ವೇದಿಕೆ ಹತ್ತುವ ನಾವು (ನಾನೂ ಸೇರಿ) ವಾರಕ್ಕೊಂದು ಸಂಜೆ ವಾಚನಾಲಯದಲ್ಲಿ ಅವರ ಪಕ್ಕ ಕುಳಿತದ್ದುಂಟೇ?