ಹಡಗಿಗೆ ಯಾವುದು, ಹೆಗಲ ಚೀಲಕ್ಕೆ ಯಾವುದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ನೀರು ಅಂದ್ರೆ ಭೀಮಾ, ಕೃಷ್ಣಾ, ಹೆಚ್ಚಂದ್ರೆ ಆಲಮಟ್ಟಿ ಹಿನ್ನೀರು. ಸಮುದ್ರ ದೂರದ ಮಾತು. ಆದರೆ ಈ ಊರುಗಳಿಂದ ಅಮೆರಿಕ, ಜರ್ಮನಿ ಅಂತ ಹೋದವರು ನಾಲ್ಕಾರು ವರ್ಷ ಬಿಟ್ಟು ಮರಳುವಾಗ ಸಾಮಾನನ್ನು ಹಡಗಿಗೆ ಹಾಕಬೇಕಾಗುತ್ತೆ. ನ್ಯೂಜೆರ್ಸಿಯಲ್ಲಿರುವ ಸಿಂದಗಿಯ ಗೆಳೆಯ ಮೊನ್ನೆ ಒಂದು ಪಟ್ಟಿ ಕಳಿಸಿದ್ದ: ಟಿವಿ, ಡೆಸ್ಕ್‌ಟಾಪ್, ಎರಡು ಮಾನಿಟರ್, ಆಂಪ್ಲಿಫೈಯರ್, ಸ್ಪೀಕರ್, ಪವರ್ ಬ್ಯಾಂಕ್, ಹಳೇ ಹಾರ್ಡ್ ಡಿಸ್ಕ್. "ಇದರಾಗ ಯಾವ್ಯಾವು ಹಡಗಿನ್ಯಾಗ ಹಾಕ್ಲಿ, ಹೇಳಪಾ" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಬಾಡಿಗೆ ಲೆಕ್ಕ. ವಿಮಾನದಲ್ಲಿ ಒಂದು ಘನ ಮೀಟರ್ ಜಾಗ ಹಿಡಿಯೋ ಪೆಟ್ಟಿಗೆ ಎಷ್ಟೇ ಹಗುರ ಇದ್ದರೂ ಸುಮಾರು 167 ಕೆ.ಜಿ. ಅಂತಲೇ ಲೆಕ್ಕ. ಅದಕ್ಕೇ ಟಿವಿ, ಸ್ಪೀಕರ್‌ನಂಥ ದೊಡ್ಡ ಸಾಮಾನಿಗೆ ಹಡಗು ಅಗ್ಗ. 20 ಅಡಿ ಕಂಟೇನರ್‌ನಲ್ಲಿ ಸುಮಾರು 33 ಘನ ಮೀಟರ್ ಜಾಗ ಇರುತ್ತೆ. ನಾಲ್ಕೈದು ಪೆಟ್ಟಿಗೆ ಇದ್ದವರು ಬೇರೆಯವರ ಜೊತೆ ಹಂಚಿಕೊಳ್ತಾರೆ, ಸಂತೆಗೆ ಹೋಗೋ ಟೆಂಪೋದಲ್ಲಿ ನಾಲ್ಕು ಮನೆಯವರ ಚೀಲ ಹೇರಿದ ಹಾಗೆ. ತೊಂದರೆಯೂ ಅದೇ. ಕಂಟೇನರ್ ತುಂಬೋತನಕ ಕಾಯಬೇಕು. ಇನ್ನೊಬ್ಬರ ಸಾಮಾನಿನ ಕಾಗದಪತ್ರ ಸರಿ ಇಲ್ಲದಿದ್ದರೆ ನಮ್ಮದೂ ಅಲ್ಲೇ ನಿಲ್ಲಬಹುದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಬಹಳಷ್ಟು ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಹೀಗಾಗಿ ಇಂಥ ದಿನವೇ ಬರುತ್ತೆ ಅಂತ ನಂಬಿ ಯಾವುದನ್ನೂ ಹಡಗಿಗೆ ಹಾಕಬಾರದು.

ಎರಡನೆಯದು, ಸಾಮಾನಿನ ಹಿಂದಿರುವ ಚೀಟಿ ಓದಿ. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಚೀಟಿಯಲ್ಲಿ 100–240 ವೋಲ್ಟ್, 50/60 ಹರ್ಟ್ಸ್ ಅಂತಿದ್ದರೆ ಪಿನ್ ಬದಲಿಸಿದರೆ ಸಾಕು. ಬರೀ 120 ಅಂತಿದ್ದರೆ ಟ್ರಾನ್ಸ್‌ಫಾರ್ಮರ್ ಬೇಕು. ಅದು ವೋಲ್ಟೇಜ್ ಇಳಿಸುತ್ತೆ, 50 ಹರ್ಟ್ಸನ್ನು 60 ಮಾಡೋದಿಲ್ಲ. ಗೆಳೆಯನ ಆಂಪ್ಲಿಫೈಯರ್ ಬರೀ 120ರದ್ದು. ಅದನ್ನ ಅಲ್ಲೇ ಮಾರಿ ಬಾ ಅಂದೆ.

ಮೂರನೆಯದು ತೇವ. ಬಿಸಿಲುನಾಡಿನ ನಮಗೆ ಇದು ಹೊಳೆಯೋದೇ ಇಲ್ಲ. ಆದರೆ ಜೋಳದ ಹಗೇವು ನೋಡಿದ ಹಿರಿಯರಿಗೆ ಗೊತ್ತು: ಸುತ್ತ ಹುಲ್ಲು ಹಾಕಿ ಬಿಗಿಯಾಗಿ ಮುಚ್ಚಿದರೂ, ಒಳಗೆ ತೇವ ಸೇರಿದರೆ ಕಾಳು ಕೆಡುತ್ತೆ. ಕಂಟೇನರ್ ಕೂಡ ಅಂಥದೇ ಮುಚ್ಚಿದ ಹಗೇವು. ಹಗಲು ಕಾಯುತ್ತೆ, ರಾತ್ರಿ ತಣ್ಣಗಾಗುತ್ತೆ, ಒಳಗಿನ ತೇವ ತಗಡಿಗೆ ಹನಿಗಟ್ಟಿ ಕೆಳಗೆ ತೊಟ್ಟಿಕ್ಕುತ್ತೆ. ಅದಕ್ಕೇ ಯಂತ್ರವನ್ನು ಪ್ಲಾಸ್ಟಿಕ್‌ನಲ್ಲಿ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಭಾರದ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಕಟ್ಟಿ. ಟಿವಿ ಯಾವತ್ತೂ ನಿಂತೇ ಇರಬೇಕು, ಮಲಗಿಸಬಾರದು. ಮನೆಗೆ ಬಂದ ಕೂಡಲೇ ಸ್ವಿಚ್ ಹಾಕದೆ ಒಂದು ದಿನ ಹಾಗೇ ಬಿಡಿ.

ನಾಲ್ಕನೆಯದು ಬ್ಯಾಟರಿ. ಲಿಥಿಯಂ ಬ್ಯಾಟರಿ ಅಂತರರಾಷ್ಟ್ರೀಯ ನಿಯಮದಲ್ಲಿ ಅಪಾಯಕಾರಿ ಸರಕು, 9ನೇ ವರ್ಗ. ಪವರ್ ಬ್ಯಾಂಕನ್ನು ಬಟ್ಟೆ ನಡುವೆ ಸುತ್ತಿ ಪೆಟ್ಟಿಗೆಯಲ್ಲಿ ಅಡಗಿಸೋದು ಜಾಣತನ ಅಲ್ಲ. ಬೆಂಕಿ ಹತ್ತಿದರೆ ಸುಡೋದು ನಮ್ಮ ಪೆಟ್ಟಿಗೆ ಒಂದೇ ಅಲ್ಲ. 100 ವ್ಯಾಟ್-ಅವರ್ ಒಳಗಿನ ಪವರ್ ಬ್ಯಾಂಕನ್ನು ವಿಮಾನದ ಕೈಚೀಲದಲ್ಲಿ ತರಬಹುದು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುತ್ತೆ.

ಐದನೆಯದು ಕಾಗದ. ಪಟ್ಟಿಯಲ್ಲಿ "ಇತರೆ ಸಾಮಾನು" ಅಂತ ಬರೀಬೇಡಿ. ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಕೊಂಡ ವರ್ಷ, ಇವತ್ತಿನ ಬೆಲೆ ಬರೆದು ಫೋಟೋ ತೆಗೆದಿಡಿ. ಸುಂಕದ ನಿಯಮ ಬದಲಾಗ್ತಾ ಇರುತ್ತೆ, ಹೊರಡೋ ಮುಂಚೆ ಕಸ್ಟಮ್ಸ್‌ನವರ ತಾಣದಲ್ಲೇ ನೋಡಿ. ವಿಮೆ ಪತ್ರದ ಸಣ್ಣ ಅಕ್ಷರವನ್ನೂ ಓದಿ. ಹೊರಗೆ ಏಟು ಕಾಣದೆ ಟಿವಿ ಸುಮ್ಮನೆ ಆನ್ ಆಗದಿದ್ದರೆ ಹಲವು ಪಾಲಿಸಿಗಳಲ್ಲಿ ದುಡ್ಡು ಬರೋಲ್ಲ. ನೀವೇ ಕಟ್ಟಿದ ಪೆಟ್ಟಿಗೆಯೊಳಗೆ ಒಡೆದರೂ ಅಷ್ಟೇ.

ವಿಮೆ ಯಾಕೆ ಅಂತೀರಾ? 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಹಡಗು 600ಕ್ಕೂ ಹೆಚ್ಚು ಕಂಟೇನರ್ ಸಮೇತ ಕೇರಳದ ತೀರದಾಚೆ ಮುಳುಗಿತು. ಜೂನ್ 9ರಂದು ಕೊಲಂಬೊದಿಂದ ನವಿ ಮುಂಬೈನ ನ್ಹಾವಾ ಶೇವಾ ಬಂದರಿಗೆ ಹೊರಟಿದ್ದ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. ಪುಣೆ, ಸೊಲ್ಲಾಪುರ ದಾಟಿ ನಮ್ಮ ಜಿಲ್ಲೆಗೆ ಸಾಮಾನು ಬರಬಹುದಾದ ದೊಡ್ಡ ಬಂದರು ಅದೇ. ಇನ್ನೊಂದು ಹಳೇ ಕಾನೂನೂ ಇದೆ: ಅಪಾಯದಲ್ಲಿ ಹಡಗು ಉಳಿಸಲು ಆದ ಖರ್ಚನ್ನು ಸಾಮಾನಿನ ಮಾಲೀಕರೂ ಹಂಚಿಕೊಳ್ಳಬೇಕು. 2024ರ ಮಾರ್ಚ್ 26ರಂದು ಬಾಲ್ಟಿಮೋರ್ ಸೇತುವೆಗೆ ಗುದ್ದಿದ ಡಾಲಿ ಹಡಗಿನ ಮಾಲೀಕರು ಇದನ್ನೇ ಘೋಷಿಸಿದರು. ಅಂದರೆ ನಿಮ್ಮ ಪೆಟ್ಟಿಗೆಗೆ ಏನೂ ಆಗದಿದ್ದರೂ ದುಡ್ಡು ಕಟ್ಟಬೇಕಾಗಬಹುದು.

ಈಗ ಪಟ್ಟಿಯ ಕೊನೇ ಸಾಲು: ಹಳೇ ಹಾರ್ಡ್ ಡಿಸ್ಕ್. "ಅದರಾಗ ಏನೈತಿ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ತೀರಿಕೊಂಡ ಅವರವ್ವ ಬೀಸುಕಲ್ಲಿನ ಪದ ಹಾಡಿದ್ದನ್ನ ಅವನು ಕಾಲೇಜು ದಿನಗಳಲ್ಲಿ ರೆಕಾರ್ಡ್ ಮಾಡಿದ್ದನಂತೆ. ಬೇರೆ ಪ್ರತಿ ಇಲ್ಲ. ಪಟ್ಟಿಯಲ್ಲಿ ಅದರ ಬೆಲೆ 20 ಡಾಲರ್ ಅಂತ ಬರೆದಿದ್ದ.

ಮುಳುಗಿದರೆ ವಿಮೆಯವರು ಕೊಡೋದೂ ಆ 20 ಡಾಲರೇ. ಅದಕ್ಕೇ ನನ್ನ ಲೆಕ್ಕ ಇಷ್ಟೇ: ದುಡ್ಡು ಕೊಟ್ಟರೆ ಮತ್ತೆ ಸಿಗೋದು ಹಡಗಿಗೆ, ಸಿಗದೇ ಇರೋದು ಹೆಗಲ ಚೀಲಕ್ಕೆ. "ಇವತ್ತ ರಾತ್ರಿನ ಎರಡು ಕಾಪಿ ಮಾಡು, ಒಂದು ನಿಮ್ಮ ಅಕ್ಕಾಗ ಕಳಿಸು, ಆಮ್ಯಾಲ ಟಿವಿ ಮಾತು" ಅಂದೆ.