ಪಂಚಾಯ್ತಿಕೆಗೆ ಕೂರುವವರನ್ನು ಆರಿಸಿದವರು ಯಾರು?



2025ರ ಜೂನ್ 1ರಂದು ಮೆಕ್ಸಿಕೋ ದೇಶದ ಜನ ತಮ್ಮ ನ್ಯಾಯಾಧೀಶರನ್ನು ಓಟು ಹಾಕಿ ಆರಿಸಿದರು. ಸುಪ್ರೀಂ ಕೋರ್ಟಿನಿಂದ ಕೆಳಗಿನ ಕೋರ್ಟಿನವರೆಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಹುದ್ದೆಗಳು. ಮತಗಟ್ಟೆಗೆ ಬಂದವರು ನೂರಕ್ಕೆ ಸುಮಾರು 13 ಮಂದಿ. ಹಿಂದಿನ ವರ್ಷ ಅಧ್ಯಕ್ಷರನ್ನು ಆರಿಸುವಾಗ ಅದೇ ಜನ ನೂರಕ್ಕೆ 60ರಷ್ಟು ಬಂದಿದ್ದರು. ಬಹಿಷ್ಕಾರದ ಕರೆಯೂ ಇತ್ತು, ನಿಜ. ಆದರೆ ಕೈಗೆ ಆರು ಮತಪತ್ರ ಕೊಟ್ಟು ಕೇಳರಿಯದ ಹೆಸರುಗಳ ಸಾಲು ತೋರಿಸಿದರೆ ಯಾರು ತಾನೇ ಬಂದಾರು?

ನಮ್ಮಲ್ಲಿ ನ್ಯಾಯಾಧೀಶರಿಗೆ ಚುನಾವಣೆಯಿಲ್ಲ. ಇರಬೇಕೆಂದು ನನಗನ್ನಿಸುವುದೂ ಇಲ್ಲ. ಓಟಿನ ಹಂಗಿಲ್ಲದವರ ಎದುರು ಬಡವಳ ಮಾತಿಗೂ ಬೆಲೆ ಸಿಕ್ಕೀತು. ಆದರೆ ಮೇಗುಂದದ ಹೆಂಗಸು ಕೊಪ್ಪದ ಕೋರ್ಟಿನ ಮೆಟ್ಟಿಲು ಹತ್ತುವುದು ಎಲ್ಲ ಮುಗಿದ ಮೇಲೆ. ಅದಕ್ಕೂ ಮೊದಲು ಹೊಡೆತ ತಿಂದವಳ ಸಂಗತಿ ಯಾರದೋ ಜಗಲಿಯಲ್ಲಿ ಪಂಚಾಯ್ತಿಕೆಗೆ ಬರುತ್ತದೆ. ನಾಲ್ಕು ಜನ ಗಂಡಸರು ಕವಳ ಹಾಕುತ್ತಾ ಕೂತು, "ಹೊಂದಿಕೊಂಡು ಹೋಗಮ್ಮ" ಎಂದು ಹೇಳಿ ಏಳುತ್ತಾರೆ. ವರದಕ್ಷಿಣೆಯ ಬಾಕಿಯ ಮಾತು ಅಲ್ಲಿ ಬರುವುದೇ ಇಲ್ಲ, ಬಂದರೂ ಅದು "ಮನೆಯೊಳಗಿನ ಲೆಕ್ಕ". ಇವರನ್ನು ಆರಿಸಿದವರು ಯಾರು? ನೀವೂ ಅಲ್ಲ, ನಾನೂ ಅಲ್ಲ.

ಓಟು ಹಾಕುವುದರಲ್ಲಿ ನಾವೇನೂ ಹಿಂದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ದೇಶದ ಹೆಂಗಸರ ಮತದಾನ ಶೇ. 65.78, ಗಂಡಸರದು ಶೇ. 65.55. ದೆಹಲಿಗೆ ಹೋಗುವವರನ್ನು ಆರಿಸಲು ಸಾಲಿನಲ್ಲಿ ನಿಲ್ಲುವ ನಾವು, ನಮ್ಮದೇ ಕಷ್ಟ ಕೇಳುವ ಜಾಗದಲ್ಲಿ ಯಾರಿದ್ದಾರೆಂದು ವಿಚಾರಿಸುವುದಿಲ್ಲ.

1983ರ ಕಾಯ್ದೆಯ ಹೆಸರಿನಲ್ಲೇ ಮಂಡಲ ಪಂಚಾಯತಿಯ ಜೊತೆಗೆ ನ್ಯಾಯ ಪಂಚಾಯತಿಯೂ ಇತ್ತು. 1993ರ ಪಂಚಾಯತ್ ರಾಜ್ ಕಾಯ್ದೆಯ ಹೆಸರಿನಿಂದ ಅದು ಬಿದ್ದುಹೋಯಿತು. ಉಳಿದಿರುವುದು ಗ್ರಾಮ ಪಂಚಾಯತಿಯ ಸಾಮಾಜಿಕ ನ್ಯಾಯ ಸಮಿತಿ. ಪಂಚಾಯತಿ ಸದಸ್ಯರೇ ತಮ್ಮೊಳಗಿಂದ ಇದನ್ನು ಆರಿಸಬೇಕು, ಒಬ್ಬ ಮಹಿಳೆಯಾದರೂ ಇರಲೇಬೇಕು. ಇದು ಕೋರ್ಟಲ್ಲ, ತೀರ್ಪು ಕೊಡುವ ಅಧಿಕಾರ ಇದಕ್ಕಿಲ್ಲ. ಆದರೂ ಹೆಂಗಸರ, ಮಕ್ಕಳ ಹಿತ ನೋಡುವುದು ಇದರ ಕೆಲಸ. ಈ ಪುಟ್ಟ ಚುನಾವಣೆ ಪಂಚಾಯತಿಯ ಕೋಣೆಯೊಳಗೇ ಮುಗಿದುಹೋಗುತ್ತದೆ. ಆ ಮಹಿಳೆ ಯಾರು, ಸಮಿತಿ ಎಷ್ಟು ಸಲ ಸೇರಿತು ಎಂದು ಮುಂದಿನ ಗ್ರಾಮಸಭೆಯಲ್ಲಿ ಸಂಘದ ಹತ್ತು ಜನ ಒಟ್ಟಿಗೆ ಎದ್ದು ಕೇಳಿ ನೋಡಿ. ಒಬ್ಬಳೇ ಕೇಳಿದರೆ "ನಿಂಗ್ಯಾಕಮ್ಮ" ಅಂತಾರೆ. ಮನೆಬಾಗಿಲಿಗೆ ಓಟು ಕೇಳಲು ಬರುವ ಅಭ್ಯರ್ಥಿಗೂ ಇದೇ ಪ್ರಶ್ನೆ ಹಾಕಿ. ಜಗಲಿಯ ಪಂಚಾಯ್ತಿಕೆಗೆ ಕೂರುತ್ತೀರಾ ಎಂದೂ ಕೇಳಿ.

ಏಟು ಬಿದ್ದ ಹೊತ್ತಿನಲ್ಲಿ ಮಾತ್ರ ಯಾವ ಸಮಿತಿಗೂ ಕಾಯಬೇಡಿ. 2005ರ ಕಾಯ್ದೆಯಂತೆ ಸಂರಕ್ಷಣಾಧಿಕಾರಿಯ ಮೂಲಕ ಅಥವಾ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಆದಾಯ ಎಷ್ಟೇ ಇರಲಿ, ಹೆಂಗಸಿಗೆ ಕಾನೂನು ನೆರವು ಉಚಿತ. ಸಹಾಯವಾಣಿ 181.